ಪಾತ್ರೆಗೊಂದು ಅಂಗಿ

ಕಳೆದ ತಿಂಗಳು ಬೆಂಗಳೂರಿನಿಂದ ಮೊಮ್ಮಗಳು ದೂರವಾಣಿ ಮಾಡಿ, "ಅಜ್ಜಾ, ನನ್ನ ಪಾತ್ರೆಗೆ ಒಂದು ಅಂಗಿ ಹೊಲಿದುಕೊಡ್ತೀಯಾ?" ಎಂದು ಕೇಳಿದಳು. ಗೆಳತಿಯರೊಡನೆ ಉತ್ತರಾಖಂಡದ ಬೆಟ್ಟಗಳಿಗೆ ಚಾರಣ ಹೊರಟಿದ್ದಳು. ಅಡುಗೆ ತಾವೇ ಮಾಡಿಕೊಳ್ಳಬೇಕು, ಸಾಮಾನು ಬೆನ್ನ ಮೇಲೆಯೇ ಹೊರಬೇಕು. ಒಲೆಯ ಗ್ಯಾಸಿನ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಅಲ್ಲಿಯೇ ಕೊಂಡು, ಅಳತೆಯಿಂದ ಉರಿಸಬೇಕು. ಪಾತ್ರೆಯನ್ನು ಐದು ನಿಮಿಷ ಕುದಿಸಿ, ಒಲೆ ಆರಿಸಿ, ಬೆಚ್ಚನೆಯ ಕವಚದಲ್ಲಿ ಮುಚ್ಚಿಟ್ಟರೆ ಉಳಿದ ಬೇಯುವಿಕೆ ತಾನಾಗಿಯೇ ನಡೆಯುತ್ತದೆಂಬುದು ಅವಳ ಲೆಕ್ಕಾಚಾರ. ಲೆಕ್ಕಾಚಾರ ಸರಿಯಾಗಿಯೇ ಇತ್ತು.

ತಗಡಿನ ಛಾವಣಿಯ ಕೆಳಗೆ ಹಾಸುವ, ಗಾಳಿಗುಳ್ಳೆಗಳುಳ್ಳ ಬೆಳ್ಳಿಬಣ್ಣದ ಹಾಳೆಯ ತುಂಡೊಂದು ಮನೆಯಲ್ಲಿತ್ತು. ಏ.ಸಿ. ರಿಪೇರಿಯವರು ಬಳಸುವ ಅಲ್ಯೂಮಿನಿಯಂ ಟೇಪನ್ನು ಪೇಟೆಯಿಂದ ತಂದೆ. ಅವಳ ಪಾತ್ರೆಯ ಅಡ್ಡಳತೆ 14 ಸೆಂ.ಮೀ.; ಆದ್ದರಿಂದ ಸುತ್ತಳತೆ 44. ಅಷ್ಟೇ ಉದ್ದದ ಪಟ್ಟಿ ಕತ್ತರಿಸಿ ಸುತ್ತಿದರೆ ಎರಡು ಅಂಚುಗಳು ಕೂಡಲೊಲ್ಲವು! ಮೂವತ್ತು ವರ್ಷ ಗಣಿತ, ವಿಜ್ಞಾನ ಕಲಿಸಿದವನು ಹಾಳೆಗೂ ದಪ್ಪವಿದೆಯೆಂಬುದನ್ನು ಮರೆತಿದ್ದೆ. ನಾಲ್ಕು ಮಿ.ಮೀ. ದಪ್ಪವನ್ನು ಎರಡೂ ಕಡೆ ಸೇರಿಸಿದಾಗ ಸುತ್ತಳತೆ 46 ಸೆಂ.ಮೀ. ದಾಟಿತು. ಎರಡನೆಯ ಪಟ್ಟಿ ಕೂಡಿತು. ತಳಕ್ಕೊಂದು ಬಿಲ್ಲೆ, ಮೇಲೊಂದು ಟೋಪಿ. ಟೋಪಿಯ ಅಂಚು ಕೆಳಗಿನ ಭಾಗದ ಹೊರಗಡೆಯಿಂದ ಎರಡು ಬೆರಳಾದರೂ ಇಳಿದಿರಬೇಕು. ಇಲ್ಲದಿದ್ದರೆ ಬಿಸಿಗಾಳಿ ಆ ಸಂದಿನಿಂದಲೇ ಹೊರಟುಹೋಗುತ್ತದೆ. ಅಂಗಿ ತೊಟ್ಟ ಪಾತ್ರೆಯನ್ನು ಮರೆತೂ ಒಲೆಯ ಮೇಲಿಡಬೇಡವೆಂದು ಟೋಪಿಯ ಮೇಲೆಯೇ ಬರೆದೆ. ಅದು ಪ್ಲಾಸ್ಟಿಕ್, ಕರಗಿ ಅಂಟಿಕೊಂಡೀತು.

ಇನ್ನೂ ಒಂದೆರಡು ಮಾತು ಹೇಳಿಕೊಟ್ಟೆ. ಮೂರು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಅಕ್ಕಿ, ಹೆಸರುಬೇಳೆಗಳನ್ನು ಮೊದಲೇ ಅರ್ಧ ಗಂಟೆ ನೆನೆಸಿ, ಕವಚದೊಳಗೆ ಮುಕ್ಕಾಲು ಗಂಟೆ ಬಿಡಬೇಕು. ನಡುವೆ ಮುಚ್ಚಳ ತೆಗೆದು ಇಣುಕಬಾರದು. ಉಣ್ಣುವಾಗ ಕೈಸುಡುವಷ್ಟು ಬಿಸಿಯಿರಬೇಕು; ಉಗುರುಬೆಚ್ಚಗಾದ ಅನ್ನವನ್ನು ಅದರಲ್ಲೇ ಗಂಟೆಗಟ್ಟಲೆ ಇಟ್ಟರೆ ಕೆಡುತ್ತದೆ. ಉತ್ತರಾಖಂಡದಲ್ಲಿ ರಾಜ್ಮಾ ಚೆನ್ನಾಗಿ ಸಿಗುತ್ತದೆಂದು ಆಸೆಪಟ್ಟು ಇದರಲ್ಲಿ ಬೇಯಿಸಬೇಡ, ಆ ಕಾಳನ್ನು ಚೆನ್ನಾಗಿ ಕುದಿಸದಿದ್ದರೆ ಅದರಲ್ಲಿನ ವಿಷ ಹೋಗುವುದಿಲ್ಲ ಎಂದೂ ಹೇಳಿದೆ. "ಅಜ್ಜಾ, ಶಾಲೆ ಮುಗೀತು," ಎಂದು ನಕ್ಕಳು.

ಕಳುಹಿಸುವ ಮೊದಲು ಪರೀಕ್ಷೆ ಮಾಡಬೇಕಲ್ಲವೆ? ನೀರು ಕುದಿಸಿ, ಕವಚದೊಳಗಿಟ್ಟು, ಅರ್ಧ ಗಂಟೆಯ ಮೇಲೆ ಉಷ್ಣಮಾಪಕ ಅದ್ದಿದೆ. 80 ಡಿಗ್ರಿಗೂ ಮೇಲೆ ನಿಂತಿತ್ತು. ಕವಚವಿಲ್ಲದ ನೀರು 70ಕ್ಕೂ ಕೆಳಗೆ ಇಳಿದಿತ್ತು. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಏಕೋ ಏನೋ, ಒಳಕೋಣೆಗೆ ಹೋಗಿ ಹಳೆಯ ಕರಿಯ ಕಂಬಳಿಯನ್ನು ತಂದು, ಅದೇ ಪಾತ್ರೆಯನ್ನು ಅದರಲ್ಲಿ ನಾಲ್ಕು ಸುತ್ತು ಸುತ್ತಿಟ್ಟೆ. ಅರ್ಧ ಗಂಟೆ ಅದರ ಎದುರಿಗೇ ಕುಳಿತಿದ್ದೆ. ಉಷ್ಣಮಾಪಕ ಹೆಚ್ಚುಕಡಿಮೆ ಅದೇ ಅಂಕಿಯನ್ನು ತೋರಿಸಿತು.

ಈ ಪರೀಕ್ಷೆಯನ್ನು ನಾನು 1988ರ ಡಿಸೆಂಬರಿನಲ್ಲಿ ಮಾಡಬೇಕಾಗಿತ್ತು.

ಆ ವರ್ಷದ ಶಾಲಾ ಪ್ರವಾಸಕ್ಕೆ ಬಂದವರಿಗೆ ನೆನಪಿರಬಹುದು. ಕೊಡಚಾದ್ರಿಯ ಮೇಲೆ ಸಂಜೆಗತ್ತಲಲ್ಲಿ ಮೂರು ಕಲ್ಲಿಟ್ಟು ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಟ್ಟಿದ್ದೆವು. ಗಾಳಿ ಬೀಸಿ ಉರಿಯೆಲ್ಲ ಪಕ್ಕಕ್ಕೆ ಹೋಗುತ್ತಿತ್ತು. ಅನ್ನ ಅರ್ಧ ಬೆಂದಿರುವಾಗ ಕಟ್ಟಿಗೆ ಮುಗಿಯಿತು. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಕುರಿ ಕಾಯುವವರ ಮನೆಯವನು, ತಾನು ಹೊದ್ದಿದ್ದ ಕಂಬಳಿಯನ್ನು ತೆಗೆದು ಮುಂದೆ ಬಂದು, "ಸರ್, ಕಂಬಳ್ಯಾಗ ಸುತ್ತಿ ಇಟ್ರ ಕುದೀತೈತ್ರಿ. ನಮ್ಮವ್ವ ನುಚ್ಚು ಹಂಗ ಮಾಡ್ತಾಳ್ರಿ," ಎಂದ. ಬೆಳಗಿನ ಜಾವ ಜೋಳದ ನುಚ್ಚನ್ನು ಒಂದು ಕುದಿ ಕುದಿಸಿ, ಕಂಬಳಿ ಸುತ್ತಿಟ್ಟು ಹೊಲಕ್ಕೆ ಹೋದರೆ, ತಿರುಗಿ ಬರುವಷ್ಟರಲ್ಲಿ ಅರಳಿರುತ್ತದೆಂದು ವಿವರಿಸತೊಡಗಿದ್ದ. ನಾನು ಹಸಿದಿದ್ದೆ, ದಣಿದಿದ್ದೆ. "ಯಾಕೋ, ಅನ್ನಕ್ಕ ಚಳಿ ಹತ್ತೇತೇನು?" ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವನು ಕಂಬಳಿಯನ್ನು ಮತ್ತೆ ಹೊದ್ದುಕೊಂಡು ಹಿಂದೆ ಸರಿದ. ಆ ರಾತ್ರಿ ಎಲ್ಲರೂ ಗಂಟಲಿಗೆ ಚುಚ್ಚುವ ಅನ್ನವನ್ನೇ ಉಂಡೆವು.

ಅದೇ ವರ್ಷ, ದೀಪಾವಳಿ ರಜೆಗೆ ಮೊದಲು, ಉಣ್ಣೆಯು ಉಷ್ಣದ ಅವಾಹಕವೆಂದು ಕರಿಹಲಗೆಯ ಮೇಲೆ ಬರೆಸಿದವನು ನಾನೇ. ಉಣ್ಣೆ ತಾನಾಗಿ ಬಿಸಿ ಕೊಡುವುದಿಲ್ಲ, ಎಳೆಗಳ ನಡುವಿನ ಗಾಳಿಯು ಇದ್ದ ಬಿಸಿಯನ್ನು ಹೊರಗೆ ಬಿಡುವುದಿಲ್ಲ ಎಂದು ಒಪ್ಪಿಸದವರನ್ನು ನಿಲ್ಲಿಸಿಯೂ ಇದ್ದೆ. ಮೈಗೆ ಹೊದ್ದರೆ ಒಪ್ಪಿಗೆ, ಪಾತ್ರೆಗೆ ಹೊದಿಸಿದರೆ ನಗೆ! ಮತ್ತೊಂದು ಮಾತು: ಪಾತ್ರೆ ದೊಡ್ಡದಾದಷ್ಟೂ ಅದು ನಿಧಾನವಾಗಿ ಆರುತ್ತದೆ. ಮೂವತ್ತು ಮಂದಿಯ ಆ ಅನ್ನ, ಮೊಮ್ಮಗಳ ಪುಟ್ಟ ಪಾತ್ರೆಯ ಅನ್ನಕ್ಕಿಂತ ಚೆನ್ನಾಗಿಯೇ ಬೇಯುತ್ತಿತ್ತು.

ಪ್ರವಾಸದಿಂದ ಮರಳಿದ ಮೇಲೆ ಹುಡುಗರು ಅವನಿಗೊಂದು ಅಡ್ಡಹೆಸರಿಟ್ಟರು. ಅದನ್ನು ಇಲ್ಲಿ ಬರೆಯುವುದಿಲ್ಲ, ಬಲ್ಲವರು ಬಲ್ಲರು. ತರಗತಿಯಲ್ಲಿ ಅದು ನನ್ನ ಕಿವಿಗೆ ಬೀಳುತ್ತಿತ್ತು, ನಾನು ತಡೆಯಲಿಲ್ಲ. ಅವನು ಹತ್ತನೆಯ ತರಗತಿಗೆ ಬರಲಿಲ್ಲ. ಕುರಿಗಳ ಹಿಂದೆ ಹೋದನೆಂದು ಹೇಳಿದರು. ಅದಕ್ಕೆ ಮನೆಯ ಬಡತನ ಕಾರಣವೋ, ಆ ನಗೆಯೂ ಕಾರಣವೋ, ನಾನು ಅವನ ಮನೆಗೆ ಹೋಗಿ ಕೇಳಲಿಲ್ಲ. ಶಾಲೆಯಿಂದ ಅವನ ಊರಿಗೆ ಇದ್ದದ್ದು ನಾಲ್ಕೇ ಮೈಲಿ.

ಮೊಮ್ಮಗಳು ಮೊನ್ನೆ ಹಿಂದಿರುಗಿದಳು. ಹೆಸರುಬೇಳೆಯ ಹುಗ್ಗಿ ಬೆಣ್ಣೆಯಂತೆ ಬೆಂದಿತ್ತಂತೆ. ಒಂದು ಡಬ್ಬಿ ಗ್ಯಾಸೂ ಉಳಿಯಿತಂತೆ. ಅಂಗಿಯ ತಳ ಹರಿದಿದೆ, ಹೊಸದು ಹಚ್ಚಬೇಕು.

ಆ ತಂಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವನ ಈಗಿನ ಊರು ನಿಮಗೆ ಗೊತ್ತಿದ್ದರೆ, ದಯವಿಟ್ಟು ನನಗೆ ತಿಳಿಸಿ. ಬಸ್ಸಿನಲ್ಲಿ ಹೋಗಿಬರುವಷ್ಟು ಶಕ್ತಿ ಇನ್ನೂ ಇದೆ.