ಆರು ವಸಾಹತುಗಳ ಒಡಂಬಡಿಕೆ

ರಾಜ್ಯಗಳು ಒಂದಾಗುವುದು ಬಹುಮಟ್ಟಿಗೆ ಕತ್ತಿಯ ಬಲದಿಂದಲೇ ಎಂಬುದು ಚರಿತ್ರೆಯನ್ನೋದಿದವರ ಸಾಮಾನ್ಯವಾದ ನಂಬಿಕೆ. ಆಸ್ಟ್ರೇಲಿಯ ಖಂಡದ ಆರು ಬ್ರಿಟಿಷ್ ವಸಾಹತುಗಳು ಒಂದಾದ ಬಗೆ ಬೇರೆ. ಅವುಗಳೊಳಗೆ ದಂಡೋಪಾಯಕ್ಕೆ ಕೆಲಸವೇ ಬೀಳಲಿಲ್ಲ. ಸಾಮದಿಂದಲೂ ದಾನದಿಂದಲೂ, ಒಂದು ದಶಕವನ್ನು ಮೀರಿದ ಚೌಕಾಸಿಯಿಂದಲೂ ಕಾರ್ಯವು ಕೈಗೂಡಿತು.

ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯ, ಪಶ್ಚಿಮ ಆಸ್ಟ್ರೇಲಿಯ, ಟಾಸ್ಮೇನಿಯ ಎಂಬ ಈ ಆರಕ್ಕೂ ಆಳುವ ರಾಣಿ ಒಬ್ಬಳೇ, ಆಡಳಿತದ ಭಾಷೆ ಒಂದೇ. ಆದರೂ ಅವು ಪಾಲಾದ ದಾಯಾದಿಗಳಂತೆ ಬಾಳುತ್ತಿದ್ದುವು. ಮರ್ರೆ ನದಿಯನ್ನು ದಾಟಿದರೆ ಸುಂಕದ ಕಟ್ಟೆ. ವಿಕ್ಟೋರಿಯದವರು ತಮ್ಮ ಕೈಗಾರಿಕೆಗಳ ರಕ್ಷಣೆಗೆಂದು ಸುಂಕವನ್ನೇರಿಸುವರು. ನೆರೆಯ ನ್ಯೂ ಸೌತ್ ವೇಲ್ಸಿನವರು ಮುಕ್ತವ್ಯಾಪಾರವೇ ಪರಮಧರ್ಮವೆನ್ನುವರು. ರೈಲುಹಳಿಗಳ ನಡುವಣ ಅಂತರವೂ ವಿಕ್ಟೋರಿಯದಲ್ಲಿ ೫ ಅಡಿ ೩ ಅಂಗುಲ, ನ್ಯೂ ಸೌತ್ ವೇಲ್ಸಿನಲ್ಲಿ ೪ ಅಡಿ ಎಂಟೂವರೆ ಅಂಗುಲ. ೧೮೮೩ರಲ್ಲಿ ಎರಡು ಮಾರ್ಗಗಳೂ ಆಲ್ಬರಿ ಎಂಬ ಗಡಿಯೂರಿಗೆ ಬಂದು ಸೇರಿದುವು. ಸೇರಿದುವೇ ಹೊರತು ಬೆರೆಯಲಿಲ್ಲ. ಮೆಲ್ಬರ್ನಿನಿಂದ ಸಿಡ್ನಿಗೆ ಹೊರಟವನು ಅಲ್ಲಿ ಗಂಟುಮೂಟೆಗಳೊಡನೆ ಇಳಿದು ಬೇರೆ ಬಂಡಿಯನ್ನು ಹತ್ತಬೇಕಾಗಿತ್ತು. ವೈಯಾಕರಣರು ಇದನ್ನು ಪ್ರಕೃತಿಭಾವವೆಂದು ಕರೆದಾರು!

೧೮೮೯ರಲ್ಲಿ ಹೆನ್ರಿ ಪಾರ್ಕ್ಸ್ ಎಂಬ ವೃದ್ಧ ಮುತ್ಸದ್ದಿಯು ಟೆಂಟರ್‌ಫೀಲ್ಡಿನಲ್ಲಿ ಭಾಷಣವನ್ನು ಮಾಡಿ ಐಕ್ಯದ ಮಾತನ್ನೆತ್ತಿದನು. ೧೮೯೧ರಲ್ಲಿ ಸಿಡ್ನಿಯಲ್ಲಿ ಸಭೆ ಕೂಡಿ ರಾಜ್ಯಾಂಗದ ಕರಡೂ ಸಿದ್ಧವಾಯಿತು. ಆದರೆ ವಸಾಹತುಗಳ ಶಾಸನಸಭೆಗಳು ಅದನ್ನು ಮೂಲೆಗಿಟ್ಟುವು. ತಮ್ಮ ಅಧಿಕಾರವನ್ನು ತಾವೇ ಕಡಮೆಮಾಡಿಕೊಳ್ಳಲು ಯಾವ ಸಭೆ ತಾನೆ ಅವಸರಪಟ್ಟೀತು? ದಾರಿಯನ್ನು ತೋರಿಸಿದುದು ಸುಂಕದ ಕಾಟವನ್ನು ನಿತ್ಯವೂ ಉಂಡ ಗಡಿಯ ಜನ. ೧೮೯೩ರಲ್ಲಿ ಮರ್ರೆ ತೀರದ ಕೊರೋವದಲ್ಲಿ ನೆರೆದ ಸಭೆಯಲ್ಲಿ ಜಾನ್ ಕ್ವಿಕ್ ಎಂಬ ವಕೀಲನು, ಪ್ರತಿನಿಧಿಗಳನ್ನು ಜನರೇ ಆರಿಸಲಿ, ಅವರು ರಚಿಸಿದ ಕರಡನ್ನು ಜನರ ಮತಕ್ಕೇ ಇಡಲಿ ಎಂದು ಸೂಚಿಸಿದನು. ಇಷ್ಟು ಸರಳವಾದ ಉಪಾಯವು ಅದುವರೆಗೆ ಕಾರ್ಯಕ್ಕೆ ಬಂದಿರಲಿಲ್ಲ.

೧೮೯೭–೯೮ರ ಸಭೆಗಳಲ್ಲಿ ನಿಜವಾದ ಜಗ್ಗಾಟ ನಡೆಯಿತು. ನ್ಯೂ ಸೌತ್ ವೇಲ್ಸಿನ ಜನಸಂಖ್ಯೆ ೧೩ ಲಕ್ಷದಷ್ಟು. ಟಾಸ್ಮೇನಿಯದ್ದು ೨ ಲಕ್ಷವೂ ಇಲ್ಲ. ತಲೆಯೆಣಿಕೆಯಿಂದ ಆಳಿದರೆ ಚಿಕ್ಕವರಿಗೆ ಅಳಿವು. ಮನೆಯೆಣಿಕೆಯಿಂದ ಆಳಿದರೆ ದೊಡ್ಡವರಿಗೆ ಅನ್ಯಾಯ. ಕೊನೆಗೆ ಕೆಳಮನೆಯಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸ್ಥಾನಗಳೆಂದೂ, ಮೇಲ್ಮನೆಯಲ್ಲಿ ಆರಕ್ಕೂ ಸಮಸ್ಥಾನವೆಂದೂ ನಿಶ್ಚಯವಾಯಿತು. ತೆರಿಗೆಯ ಮಸೂದೆಯನ್ನು ಮೇಲ್ಮನೆಯು ತಿದ್ದಲಾಗದು, ತಿದ್ದೆಂದು ಕೇಳಬಹುದು. ಅಪ್ಪಣೆಗೂ ವಿಜ್ಞಾಪನೆಗೂ ನಡುವಣ ಈ ಸೂಕ್ಷ್ಮಭೇದದ ಮೇಲೆ ಒಂದು ರಾಷ್ಟ್ರವೇ ನಿಂತಿತು. ಟಾಸ್ಮೇನಿಯದ ಪ್ರಧಾನಿ ಬ್ರಾಡನ್, ಹಿಂದೆ ನಮ್ಮ ದೇಶದ ಅವಧ ಪ್ರಾಂತದಲ್ಲಿ ಅಧಿಕಾರಿಯಾಗಿದ್ದವನು, ಸುಂಕದ ಉತ್ಪನ್ನದಲ್ಲಿ ಮುಕ್ಕಾಲು ಪಾಲು ರಾಜ್ಯಗಳಿಗೆ ಮರಳಬೇಕೆಂಬ ವಿಧಿಯನ್ನು ಸೇರಿಸಿದನು.

೧೮೯೮ರ ಮತದಾನದಲ್ಲಿ ನ್ಯೂ ಸೌತ್ ವೇಲ್ಸಿನಲ್ಲಿ ಒಪ್ಪಿದವರು ೭೧,೫೯೫ ಮಂದಿ, ಒಪ್ಪದವರು ೬೬,೨೨೮ ಮಂದಿ. ಬಹುಮತವಿದ್ದರೂ ಗೊತ್ತುಮಾಡಿದ್ದ ೮೦,೦೦೦ ತುಂಬಲಿಲ್ಲ. ಪ್ರಧಾನಿ ಜಾರ್ಜ್ ರೀಡನು ಇದನ್ನೇ ಹಿಡಿದು ೧೮೯೯ರಲ್ಲಿ ಹೊಸ ಷರತ್ತುಗಳನ್ನು ಪಡೆದನು: ಬ್ರಾಡನ್ ವಿಧಿಗೆ ಹತ್ತು ವರ್ಷಗಳ ಮಿತಿ, ರಾಜಧಾನಿ ನ್ಯೂ ಸೌತ್ ವೇಲ್ಸಿನಲ್ಲಿಯೇ, ಆದರೆ ಸಿಡ್ನಿಯಿಂದ ನೂರು ಮೈಲಿಗೆ ಕಡಮೆಯಿಲ್ಲದ ದೂರದಲ್ಲಿ, ಅದುವರೆಗೆ ಪಾರ್ಲಿಮೆಂಟು ಮೆಲ್ಬರ್ನಿನಲ್ಲಿ. ಸವತಿಯರಂಥ ಎರಡು ನಗರಗಳ ಮತ್ಸರದಿಂದ ಮೂರನೆಯದು ಹುಟ್ಟಬೇಕಾಯಿತು. ಪಾರ್ಲಿಮೆಂಟು ಕ್ಯಾನ್‌ಬರವನ್ನು ಸೇರಿದುದು ೧೯೨೭ರಲ್ಲಿ. ಪಶ್ಚಿಮ ಆಸ್ಟ್ರೇಲಿಯವಂತೂ ೧೯೦೦ರ ಜುಲೈ ಕೊನೆಯವರೆಗೆ ಹಿಂದುಮುಂದು ನೋಡಿತು. ಚಿನ್ನದ ಗಣಿಗಳ ಜನ ತಾವು ಬೇರೆಯಾಗುವೆವೆಂದು ಹೆದರಿಸಿದರು. ರೈಲುದಾರಿಯ ಆಸೆಯೂ ಇತ್ತು. ಆ ದಾರಿ ಪೂರ್ಣವಾದುದು ೧೯೧೭ರಲ್ಲಿ.

೧೯೦೧ರ ಜನವರಿ ೧ರಂದು ಸಿಡ್ನಿಯಲ್ಲಿ ಉತ್ಸವ. ಪಾರ್ಕ್ಸನು ಅದನ್ನು ನೋಡಲಿಲ್ಲ, ೧೮೯೬ರಲ್ಲಿಯೇ ತೀರಿಕೊಂಡಿದ್ದನು. ಅದೇ ವರ್ಷ ಹೊಸ ಪಾರ್ಲಿಮೆಂಟು ವಲಸೆಯ ಶಾಸನವನ್ನು ಮಾಡಿ, ಬಂದಿಳಿದವರಿಗೆ ಯೂರೋಪಿನ ಒಂದು ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನವನ್ನು ವಿಧಿಸಿತು. ಅದು ವಿದ್ಯೆಯ ಪರೀಕ್ಷೆಯಲ್ಲ, ಬಣ್ಣದ್ದು. ಭಾರತೀಯರಿಗೂ ಬಾಗಿಲು ಮುಚ್ಚಿತು.

ಆ ನೆಲದ ಮೂಲನಿವಾಸಿಗಳ ಪರವಾಗಿ ಆ ಸಭೆಗಳಲ್ಲಿ ಒಬ್ಬ ಪ್ರತಿನಿಧಿಯೂ ಕುಳಿತಿರಲಿಲ್ಲ. ಒಂದೊಂದು ಕಾಸಿಗೂ ಲೆಕ್ಕವಿಟ್ಟ ಆ ರಾಜ್ಯಾಂಗದ ೧೨೭ನೆಯ ವಿಧಿಯು ಜನಗಣನೆಯಲ್ಲಿ ಅವರನ್ನು ಲೆಕ್ಕಕ್ಕೆ ಹಿಡಿಯಕೂಡದೆಂದಿತು. ೧೯೬೨ರಲ್ಲಿ ಮೆಲ್ಬರ್ನಿನಿಂದ ಸಿಡ್ನಿಗೆ ಒಂದೇ ಬಂಡಿಯಲ್ಲಿ ಹೋಗುವಂತಾಯಿತು. ೧೨೭ನೆಯ ವಿಧಿಯನ್ನು ಅಳಿಸಿಹಾಕಿದುದು ಅದಕ್ಕೂ ಐದು ವರ್ಷ ತಡವಾಗಿ, ೧೯೬೭ರ ಜನಮತದಿಂದ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿಗೆಯಿತ್ತರು.