ಅಂಗಡಿಯ ಹಗ್ಗದ ಮೇಲಿನ ಮುಖಪುಟಗಳು

ಪತ್ರಿಕೆಯನ್ನು ಮೊದಲು ಮಾರುವುದು ಮುಖಪುಟ. ಕೊಂಡ್ಲಹಳ್ಳಿಯಂಥ ಸಣ್ಣ ಊರಲ್ಲಿ ಬಸ್ಸು ನಿಂತು ಹೊರಡುವಷ್ಟರಲ್ಲಿ, ಅಂಗಡಿಯ ಹಗ್ಗಕ್ಕೆ ತೂಗುಬಿಟ್ಟ ಅದು ಕಿಟಕಿ ಪಕ್ಕದವರ ಕಣ್ಣು ಹಿಡಿಯಬೇಕು. 1965ರಲ್ಲಿ ಶುರುವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಮನೆಮಂದಿಯೆಲ್ಲ ಓದುವ ವಾರಪತ್ರಿಕೆಗಳು. ಅಲ್ಲಿ ನಗುಮುಖ, ಹಬ್ಬದ ಸೀರೆ, ಕಣ್ತುಂಬ ಬಣ್ಣ. ‘ಚಂದಮಾಮ’ ಮಕ್ಕಳನ್ನು ಸೆಳೆದದ್ದು ಪುರಾಣದ ದೃಶ್ಯಗಳಿಂದ. ಕಲಾವಿದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳಿಗೆ ದೊಡ್ಡವರೂ ಮರುಳಾಗಿದ್ದರು.

1980ರಲ್ಲಿ ಬಂದ ‘ಲಂಕೇಶ್ ಪತ್ರಿಕೆ’ಯ ದಾರಿಯೇ ಬೇರೆ. ಹೊಳಪಿನ ಕಾಗದವಿರಲಿಲ್ಲ, ಜಾಹೀರಾತೂ ಇರಲಿಲ್ಲ. ರಾಜಕಾರಣಿಯ ಮುಖ, ಪಕ್ಕದಲ್ಲಿ ಕುಟುಕುವ ತಲೆಬರಹ. ಅಲಂಕಾರ ಇಲ್ಲದ್ದೇ ಅದರ ಓದುಗರಿಗೆ ನಂಬಿಕೆಯ ಗುರುತಾಗಿತ್ತು. ನಿಜ ಹೇಳಬೇಕೆಂದರೆ, ಇವೆಲ್ಲದರಲ್ಲಿ ಗಟ್ಟಿ ವಿನ್ಯಾಸ ಅದೇ. ಅಲ್ಲ ಅನ್ನುವವರಿದ್ದೀರಾ?