ಒಂಟಿಯಾಗಿ ಹಾಯಿ ಮಡಿಸಿದ್ದು

ಚಿಂಚೋಳಿ ತಾಲೂಕಿನ ಐನಾಪುರದವನಿಗೆ ಹಾಯಿದೋಣಿಯ ಹುಚ್ಚು ಹೇಗೆ ಹಿಡಿಯಿತೆಂದು ಕೇಳಿದರೆ ನಾನು ಉತ್ತರ ಹೇಳಲಾರೆ. ತೊಗರಿ ಬೆಳೆಯುವ ಸೀಮೆ ನಮ್ಮದು. ನೀರೆಂದರೆ ಬಾವಿ, ಹಳ್ಳ, ಬಹಳವಾದರೆ ಚಂದ್ರಂಪಳ್ಳಿಯ ಜಲಾಶಯ. ಗಾಳಿಯನ್ನು ಮಾತ್ರ ನಾವು ಬಲ್ಲವರು. ರಾಶಿಯ ಯಂತ್ರಗಳು ಬರುವ ಮುನ್ನ ಅಪ್ಪ ಕಣದಲ್ಲಿ ಎತ್ತರಕ್ಕೆ ನಿಂತು ಮೊರದಿಂದ ಕಾಳು ತೂರುತ್ತಿದ್ದರು. ಗಾಳಿ ಬಿರುಸಾಗುವ ಸೂಚನೆ ಕಂಡೊಡನೆ, ರಾಶಿ ಇನ್ನೂ ಅರ್ಧ ಉಳಿದಿರುವಾಗಲೇ, ಮೊರವನ್ನು ಕೆಳಗಿಟ್ಟುಬಿಡುವರು. “ಸಾಕು ಬಿಡೋ ತಮ್ಮಾ, ಈಗ ತೂರಿದ್ರ ಹೊಟ್ಟಿನ ಜೋಡಿ ಕಾಳೂ ಹೋಗತದ” ಎನ್ನುವರು. ಆಗ ನನಗದು ಹೇಡಿತನವೆಂದೇ ತೋರುತ್ತಿತ್ತು.

ಉದ್ಯೋಗ ನನ್ನನ್ನು ಕಾರವಾರಕ್ಕೆ ಒಯ್ದಿತು. ಅಲ್ಲಿ ಸ್ನೇಹಿತರೊಬ್ಬರ ಪುಟ್ಟ ದೋಣಿಯಲ್ಲಿ ಎರಡು ವರ್ಷ ಹಾಯಿ ಹೂಡುವುದನ್ನು ಕಲಿತೆ. ಜೋಶುವಾ ಸ್ಲೋಕಮ್ ಎಂಬಾತ 1895ರಿಂದ 1898ರವರೆಗೆ ‘ಸ್ಪ್ರೇ’ ಎಂಬ ದೋಣಿಯಲ್ಲಿ ಒಬ್ಬನೇ ಭೂಮಿಯನ್ನು ಸುತ್ತಿ ಬಂದುದನ್ನೂ, ನಮ್ಮ ನೌಕಾಪಡೆಯ ದಿಲೀಪ್ ದೊಂದೆಯವರು 2009–10ರಲ್ಲಿ ಗೋವೆಯಲ್ಲಿ ಕಟ್ಟಿದ ‘ಮ್ಹಾದೇಯಿ’ಯಲ್ಲಿ ಅದೇ ಸಾಹಸ ಮಾಡಿದುದನ್ನೂ ಓದಿ ತಲೆ ತಿರುಗಿತ್ತು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಒಬ್ಬನೇ ಹೊರಟೆ.

ಕಾಳೀ ನದಿಯ ಮುಖವನ್ನು ದಾಟುವವರೆಗೆ ಎಲ್ಲವೂ ಸೊಗಸು. ಮೂರು ಗಂಟೆಯ ಹೊತ್ತಿಗೆ ಕಡಲಗಾಳಿ ಬಲಿಯಿತು. ದೂರದ ನೀರು ಕಪ್ಪಾಗಿ, ಅಲೆಗಳ ತಲೆಯಲ್ಲಿ ನೊರೆ ಕಂಡಿತು. ಹಾಯಿಯನ್ನು ಕಿರಿದು ಮಾಡಬೇಕೆಂದು ಮನಸ್ಸು ಹೇಳಿತು. ಇನ್ನೊಂದಿಷ್ಟು ನೋಡೋಣವೆಂದು ಅಹಂಕಾರ ಹೇಳಿತು. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಇದು ಪುಸ್ತಕದಲ್ಲಿ ನನಗೆ ತಿಳಿದೇ ಇತ್ತು! ದೋಣಿ ಮಗ್ಗುಲಿಗೆ ವಾಲಿ, ಅಂಚಿನ ಮೇಲೆ ನೀರು ಹರಿಯಿತು. ಚುಕ್ಕಾಣಿ ಎರಡು ಕೈಗೂ ಬಗ್ಗಲೊಲ್ಲದು. ಇನ್ನು ಹಾಯಿ ಮಡಿಸುವ ಕೈ ಎಲ್ಲಿಯದು?

ಒಂಟಿಯವನಿಗೆ ಇರುವ ಉಪಾಯ ದೋಣಿಯನ್ನೇ ಸುಮ್ಮನಾಗಿಸುವುದು. ಮುಂದಿನ ಚಿಕ್ಕ ಹಾಯಿಯನ್ನು ಗಾಳಿ ಬರುವ ಮಗ್ಗುಲಿಗೆ ಎಳೆದು ಕಟ್ಟಿ, ದೊಡ್ಡ ಹಾಯಿಯ ಹಗ್ಗವನ್ನು ಸಡಿಲಿಸಿ, ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಮಗ್ಗುಲಿಗೆ ಬಿಗಿದೆ. ಹಟ ಮಾಡುತ್ತಿದ್ದ ಎತ್ತು ಮೂಗುದಾರ ಹಿಡಿದೊಡನೆ ನಿಂತಂತೆ ದೋಣಿ ನಿಂತಿತು. ಸೊಂಟದ ಹಗ್ಗವನ್ನು ದೋಣಿಗೆ ಕಟ್ಟಿಕೊಂಡು ಕೂವೆಮರದ ಬುಡಕ್ಕೆ ತೆವಳಿದೆ. ಕೆಳಗಿನ ಅಡ್ಡಮರ ತಲೆಯ ಮೇಲೆ ಬೀಳದಂತೆ ಅದನ್ನು ಎತ್ತಿ ಹಿಡಿಯುವ ಹಗ್ಗವನ್ನು ಬಿಗಿದು, ಹಾಯಿಯನ್ನು ಮೊಳದಷ್ಟು ಇಳಿಸಿ, ಮುಂದಿನ ಅಂಚಿನ ಕಣ್ಣನ್ನು ಕೊಕ್ಕೆಗೆ ಸಿಕ್ಕಿಸಿದೆ.

ಇಲ್ಲಿ ತಪ್ಪಿದೆ. ಹಾಯಿಯನ್ನು ಮತ್ತೆ ಮೇಲಕ್ಕೆ ಬಿಗಿದು, ಹಿಂದಿನ ಮೂಲೆಯನ್ನು ಅಡ್ಡಮರಕ್ಕೆ ಜಗ್ಗಿ ಕಟ್ಟಿದ ತರುವಾಯವಷ್ಟೇ ನಡುವಿನ ಸಣ್ಣ ದಾರಗಳನ್ನು ಕಟ್ಟಬೇಕು. ಅವು ಮಡಿಕೆಯನ್ನು ಸುತ್ತಿಡಲು ಮಾತ್ರ. ಭಾರ ಹೊರಲು ಅಲ್ಲ. ನಾನೋ ಗಾಬರಿಯಲ್ಲಿ ಅವನ್ನೇ ಮೊದಲು ಬಿಗಿದೆ. ಹಾಯಿ ಮೇಲೇರುತ್ತಲೇ ಒಂದು ದಾರದ ಕಣ್ಣಿನ ಬಳಿ ಬಟ್ಟೆ ಪರ್ರೆಂದು ಗೇಣುದ್ದ ಹರಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ನಡುಗುವ ಬೆರಳುಗಳಿಂದ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಿದೆ. ಸ್ನೇಹಿತರು ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು.

ಆಮೇಲಿನ ಸೋಜಿಗವನ್ನು ಹೇಳಲೇಬೇಕು. ಹಾಯಿ ಕಿರಿದಾದರೂ ದೋಣಿ ಮೊದಲಿಗಿಂತ ನಿಧಾನವಾಗಲಿಲ್ಲ. ವಾಲುವುದನ್ನು ಬಿಟ್ಟು ನೆಟ್ಟಗೆ ನಿಂತು ಓಡಿತು. ಚುಕ್ಕಾಣಿ ಒಂದೇ ಕೈಗೆ ಹಗುರಾಯಿತು. ಹೊತ್ತು ಮುಳುಗುವ ಮುನ್ನ ದಡ ಸೇರಿದೆ. ಸ್ನೇಹಿತರು ಹರಿದ ಹಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಮಾತಾಡದೆ ಸೂಜಿದಾರ ತಂದುಕೊಟ್ಟರು.

ರಾತ್ರಿ ಊರಿಗೆ ಫೋನು ಮಾಡಿದೆ. ದೋಣಿಯ ಸುದ್ದಿ ಎತ್ತಲಿಲ್ಲ. “ಅಲ್ಲಿ ಗಾಳಿ ಹೆಂಗದ ತಮ್ಮಾ?” ಎಂದು ಅಪ್ಪ ಎಂದಿನಂತೆ ಕೇಳಿದರು.

“ಜೋರಿತ್ತು ಅಪ್ಪಾ” ಎಂದೆ.